ಬಣ್ಣದಲ್ಲಿ ಬೆಳೆದ ಮಗ

ಪತ್ರಿಕೆಯಲ್ಲಿ ದಿನಾಲೂ ಬರುವ ‘ಇತಿಹಾಸದಲ್ಲಿ ಈ ದಿನ’ ಎಂಬ ಅಂಕಣದಲ್ಲಿ ಕಳೆದ ತಿಂಗಳು ಒಂದು ಸಾಲು ಭಾವಚಿತ್ರಗಳು ಅಚ್ಚಾಗಿದ್ದವು. ಎಲ್ಲದರಲ್ಲೂ ಇದ್ದವನು ಒಬ್ಬನೇ ಯುವಕ. ಒಂದರಿಂದ ಇನ್ನೊಂದಕ್ಕೆ ಒಂದು ವರ್ಷ ದೊಡ್ಡವನಾಗಿದ್ದ. ಕೆಳಗೆ ಹೀಗೆ ಬರೆದಿತ್ತು: ಮಹಾಯುದ್ಧದ ವರ್ಷಗಳಲ್ಲಿ ಈ ಸೈನಿಕನು ತಪ್ಪದೆ ತನ್ನ ಹುಟ್ಟಿದ ದಿನಕ್ಕೆ ರಜೆ ಪಡೆದು ಊರಿಗೆ ಬರುತ್ತಿದ್ದನು, ತಾಯಿಯೊಡನೆ ದಿನ ಕಳೆದು ಅದರ ನೆನಪಿಗೆ ಚಿತ್ರ ತೆಗೆಸಿಕೊಳ್ಳುತ್ತಿದ್ದನು, ಅಂದಿನ ಸೇನಾಡಳಿತದ ಮಾನವೀಯತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದು ಶುದ್ಧ ಸುಳ್ಳು. ಯುದ್ಧಕ್ಕೆ ಹೋದ ದಿನದಿಂದ ಅದು ಮುಗಿಯುವ ತನಕ ಆತನಿಗೆ ಒಂದು ದಿನದ ರಜೆಯೂ ಸಿಕ್ಕಿರಲಿಲ್ಲ. ಆ ಚಿತ್ರಗಳನ್ನು ಮಾಡುವಾಗ ಯಾವ ಕ್ಯಾಮೆರಾದ ಮುಂದೆಯೂ ಆತ ಕುಳಿತಿರಲಿಲ್ಲ. ಅವನ್ನು ಮಾಡಿದವರು ನನ್ನ ಸೋದರತ್ತೆ. ಸಂಪಾದಕರಿಗೆ ನಾನು ಬರೆದ ಪತ್ರಕ್ಕೆ ‘ಸ್ಥಳಾವಕಾಶವಿಲ್ಲ’ ಎಂಬ ಉತ್ತರ ಬಂತು. ಸುಳ್ಳಿಗೆ ಅರ್ಧ ಪುಟ ಕೊಟ್ಟವರಿಗೆ ನಿಜಕ್ಕೆ ನಾಲ್ಕು ಸಾಲಿನ ಜಾಗ ಇರಲಿಲ್ಲ. ಆದ್ದರಿಂದ ಅತ್ತೆ ತಮ್ಮ ಕೊನೆಯ ವರ್ಷಗಳಲ್ಲಿ ನನಗೆ ಹೇಳಿದ್ದನ್ನೂ, ಆ ಚಿತ್ರಗಳಲ್ಲಿದ್ದ ಮಗ ಅನಂತರ ಹೇಳಿದ್ದನ್ನೂ ತಾಳೆ ನೋಡಿ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರ ಮಾತನ್ನು ಮಾತ್ರ ನಂಬಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಅತ್ತೆ ಒಂದು ಫೋಟೋ ಸ್ಟುಡಿಯೋದಲ್ಲಿ ಬಣ್ಣ ಹಾಕುವ ಕೆಲಸದಲ್ಲಿದ್ದರು. ಬಣ್ಣದ ಫಿಲ್ಮು ಸಾಮಾನ್ಯರ ಕೈಗೆ ಬಾರದ ಕಾಲ ಅದು. ಗಿರಾಕಿ ಬಂದು ಕುಳಿತು ಎದ್ದುಹೋದ ಮೇಲೆ ಅತ್ತೆಯ ಕೆಲಸ ಆರಂಭ. ಗಾಜಿನ ನೆಗೆಟಿವನ್ನು ಬೆಳಕಿಗೆ ಹಿಡಿದು ಮುಖದ ಸುಕ್ಕು, ಗೆರೆ, ಕಲೆಗಳ ಮೇಲೆ ಮೊನಚಾದ ಪೆನ್ಸಿಲ್ಲಿನಿಂದ ಚುಕ್ಕೆಗಳನ್ನಿಟ್ಟು ಅಳಿಸಬೇಕು. ಅಚ್ಚಾಗಿ ಬಂದ ಕಾಗದದ ಮೇಲೆ, ಕಡ್ಡಿಗೆ ಹತ್ತಿ ಸುತ್ತಿ, ತುಟಿಗೆ ಕೆಂಪು, ಕೆನ್ನೆಗೆ ಅದರ ನೆರಳು, ಬಟ್ಟೆಗೆ ಗಿರಾಕಿ ಕೇಳಿದ ಬಣ್ಣ ಹಚ್ಚಬೇಕು. ಸಣ್ಣ ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಮೊನೆ ಮಾಡುವುದು ಅವರ ಅಭ್ಯಾಸ. ಹಾಗಾಗಿ ಅವರ ಕೆಳತುಟಿಯ ಮೇಲೆ ಸದಾ ನೀಲಿಯದೋ ಹಸಿರಿನದೋ ಒಂದು ಚುಕ್ಕೆ ಇರುತ್ತಿತ್ತು. ಬೀದಿಯವರು ಅವರನ್ನು ಬಣ್ಣದಮ್ಮ ಎನ್ನುತ್ತಿದ್ದರು.

ಸ್ಟುಡಿಯೋ ಇದ್ದದ್ದು ಮಹಡಿಯ ಮೇಲೆ. ಉತ್ತರದ ಕಡೆಯ ಇಳಿಜಾರು ಛಾವಣಿ ಪೂರ್ತಿ ಗಾಜು. ಅಲ್ಲಿಂದ ಇಳಿಯುವ ಬೆಳಕಿಗೆ ಬಿಸಿಲಿನ ಕಾವು ಇರಲಿಲ್ಲ. ಹಾಲನ್ನು ಬಟ್ಟೆಯಲ್ಲಿ ಸೋಸಿ ಮೆಲ್ಲಗೆ ಸುರಿದ ಹಾಗೆ ಅದು ಕೋಣೆಯನ್ನು ತುಂಬುತ್ತಿತ್ತು. ಆ ಬೆಳಕಿನ ಕೊನೆಯಲ್ಲಿ ಒಂದು ಪರದೆ. ಅದರ ಮೇಲೆ ಒಂದು ಕೆರೆ, ಕೆರೆಗೆ ಇಳಿಯುವ ಕಲ್ಲಿನ ಮೆಟ್ಟಿಲು, ಆಚೆ ದಡದಲ್ಲಿ ಮಸುಕು ನೀಲಿಯ ಗುಡ್ಡಗಳು. ಅಂಥ ಕೆರೆ ಯಾವ ಊರಲ್ಲೂ ಇಲ್ಲ. ಆದರೂ ಬೀದಿಯ ಅಷ್ಟೂ ಮನೆಗಳ ಗೋಡೆಗಳಲ್ಲಿ ಅಷ್ಟೂ ಜನ ಅದೇ ಕೆರೆಯ ಮುಂದೆ ಕುಳಿತಿದ್ದರು. ಯಾವುದೋ ಒಂದು ಮಧ್ಯಾಹ್ನ ಇಡೀ ಬೀದಿ ಒಟ್ಟಾಗಿ ಅಲ್ಲಿಗೆ ಹೋಗಿ ಬಂದು, ಬಂದ ದಾರಿಯನ್ನು ಮರೆತಂತೆ.

ಸ್ಟುಡಿಯೋದ ಕೆಳಗೆ, ಬೀದಿಯ ಆಚೆ ಬದಿಯಲ್ಲಿ ಒಂದು ದರ್ಜಿ ಅಂಗಡಿ, ಅದಕ್ಕೆ ಒತ್ತಿಕೊಂಡು ಸೈಕಲ್ ರಿಪೇರಿ ಅಂಗಡಿ. ದರ್ಜಿಯ ಬಳಿ ಗುಂಡಿ ಹೊಲಿಯುವ, ಕಾಜಾ ಮಾಡುವ ಕೆಲಸದಲ್ಲಿದ್ದವರೇ ಗುಂಡಿಯಮ್ಮ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಒಬ್ಬನೇ ಮಗ, ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್. ಅವನು ಮಗುವಾಗಿದ್ದಾಗಿನಿಂದ ಪ್ರತಿ ವರ್ಷ ಹುಟ್ಟಿದ ದಿನ ಅವನನ್ನು ಮಹಡಿ ಹತ್ತಿಸಿ, ಕೆರೆಯ ಮುಂದೆ ಕೂರಿಸಿ ಚಿತ್ರ ತೆಗೆಸುವುದು ಆಕೆ ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಮನೆಯ ಒಂದು ಗೋಡೆಯ ಉದ್ದಕ್ಕೂ ಮಗ ಸಾಲಾಗಿ ಬೆಳೆದು ನಿಂತಿದ್ದ.

ಆ ದಿನ ಯಾವುದೆಂದು ಪತ್ರಿಕೆ ತಪ್ಪಿಲ್ಲದೆ ಅಚ್ಚು ಹಾಕಿದೆ. ಆ ಮಟ್ಟಿಗೆ ಅದಕ್ಕೆ ಅಂಕ ಕೊಡಬಹುದು. ಆದರೆ ಇತಿಹಾಸದಲ್ಲಿ ಆ ದಿನ ಏನೂ ನಡೆದಿಲ್ಲ. ಯುದ್ಧದ ಯಾವ ವರ್ಷದಲ್ಲೂ ಆ ತಾರೀಖಿನಂದು ಯಾವ ಪಟ್ಟಣವೂ ಬಿದ್ದಿಲ್ಲ, ಯಾವ ಒಪ್ಪಂದಕ್ಕೂ ಸಹಿ ಬಿದ್ದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಅದು ಗುಂಡಿಯಮ್ಮನ ದಿನ, ಅಷ್ಟೇ.

ಯುದ್ಧ ಶುರುವಾಯಿತು. ಮಗನಿಗೆ ಸೇನೆಯಿಂದ ಕರೆ ಬಂತು, ಹೋದ. ಮುಂದೆ ಆ ದಿನ ಬಂದಾಗ ಗುಂಡಿಯಮ್ಮ ಹಿಂದಿನ ವರ್ಷದ ಚಿತ್ರವನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಒಬ್ಬರೇ ಮಹಡಿ ಹತ್ತಿದರು.

“ಈ ವರ್ಷದ್ದು ಬೇಕು,” ಎಂದರು.

“ಯಾರದ್ದಕ್ಕಾ?” ಎಂದರು ಅತ್ತೆ.

“ಯಾರದ್ದು ಅಂದ್ರೆ? ನನ್ನ ಮಗಂದು. ಇವತ್ತು ಅವನ ದಿನ ಅಲ್ವಾ?”

ಸ್ಟುಡಿಯೋದ ಯಜಮಾನರು ಕ್ಯಾಮೆರಾದ ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿದರು. “ಅಮ್ಮಾ, ಕೂರೋ ಆಳೇ ಇಲ್ಲ. ನನ್ನ ಕ್ಯಾಮೆರಾ ಏನು ಕನಸು ಕಾಣುತ್ತಾ?”

“ನಿಮ್ಮ ಕ್ಯಾಮೆರಾ ಯಾರಿಗೆ ಬೇಕು ಸ್ವಾಮಿ? ನಾನು ಈ ತಾಯಿ ಹತ್ರ ಮಾತಾಡ್ತಿದೀನಿ.” ಗುಂಡಿಯಮ್ಮ ಅತ್ತೆಯ ಕಡೆ ತಿರುಗಿದರು. “ಆ ಡಾಕ್ಟರ ಹೆಂಡತಿಗೆ ಹತ್ತು ವರ್ಷ ಕಮ್ಮಿ ಮಾಡಿಕೊಟ್ಟೆಯಲ್ಲ, ನನ್ನ ಮಗನಿಗೆ ಒಂದೇ ಒಂದು ವರ್ಷ ಜಾಸ್ತಿ ಮಾಡೋಕಾಗಲ್ವಾ?”

ಯಜಮಾನರು ತಲೆಯನ್ನು ಮತ್ತೆ ಬಟ್ಟೆಯೊಳಗೆ ಎಳೆದುಕೊಂಡರು.

“ಯಾಕಕ್ಕಾ ಇದೆಲ್ಲ? ಬಂದ ಮೇಲೆ ಕೂರಿಸಿ ತೆಗೆಸಿದರಾಯ್ತು,” ಎಂದು ಅತ್ತೆ ಸಮಾಧಾನ ಹೇಳಿದರು.

“ಸಾಲು ನಿಂತುಹೋದ್ರೆ ಅವನೂ ಅಲ್ಲೇ ನಿಂತುಬಿಡ್ತಾನೆ ಕಣೇ,” ಎಂದರು ಗುಂಡಿಯಮ್ಮ. ಅವರ ದನಿಯಲ್ಲಿ ಅಳು ಇರಲಿಲ್ಲ. ಅಂಗಿಗೆ ಒಂದು ಗುಂಡಿ ಕಡಿಮೆ ಬಿದ್ದಿದೆ ಎಂದು ತೋರಿಸುವ ದನಿಯಲ್ಲೇ ಹೇಳಿದರಂತೆ. ಅತ್ತೆ ಚಿತ್ರವನ್ನು ಕೈಗೆ ತೆಗೆದುಕೊಂಡರು.

“ಸೇನೆಯ ಸಮವಸ್ತ್ರ ಹಾಕಲಾ?”

“ಬೇಡ. ಅದು ಅವರದ್ದು. ಕೋಟು ಹಾಕು. ಮೂರು ಗುಂಡಿ ಇರೋದು.”

ಪತ್ರಿಕೆಯವರು ಒಂದು ಕ್ಷಣ ಆ ಕೋಟನ್ನು ನೋಡಿದ್ದರೂ ಸಾಕಿತ್ತು, ಸೈನಿಕನಿಗೆ ಸಮವಸ್ತ್ರ ಯಾಕಿಲ್ಲ ಎಂದು ಕೇಳದೆ ರಜೆಯ ಕಥೆ ಬರೆಯುತ್ತಿರಲಿಲ್ಲ.

ಕೆಲಸ ನಡೆದದ್ದು ಹೀಗೆ. ಹಿಂದಿನ ವರ್ಷದ ಚಿತ್ರದ ಮೇಲೆ ಕುಂಚದಿಂದ ಗದ್ದವನ್ನು ಕೂದಲೆಳೆಯಷ್ಟು ಅಗಲ ಮಾಡುವುದು, ಮೀಸೆಯನ್ನು ಸ್ವಲ್ಪ ದಟ್ಟ ಮಾಡುವುದು, ಭುಜವನ್ನು ತುಂಬುವುದು. ಹಾಗೆ ತಿದ್ದಿದ ಚಿತ್ರವನ್ನು ಯಜಮಾನರು ಗೊಣಗುತ್ತ ಮತ್ತೆ ಕ್ಯಾಮೆರಾದಲ್ಲಿ ಹಿಡಿದು ಹೊಸ ನೆಗೆಟಿವ್ ಮಾಡುವರು. ಅದರ ಅಚ್ಚಿಗೆ ಅತ್ತೆ ಬಣ್ಣ ಹಚ್ಚುವರು. ಮರುವರ್ಷ ಆ ಚಿತ್ರವೇ ಬುನಾದಿ. ನಿಜವಾದ ಮುಖ ಒಂದೊಂದು ವರ್ಷಕ್ಕೆ ಒಂದೊಂದು ಪದರ ಕೆಳಗೆ ಇಳಿಯುತ್ತ ಹೋಯಿತು, ನೀರಿಗೆ ಬಿದ್ದ ನಾಣ್ಯ ತಳಕ್ಕೆ ಇಳಿಯುವ ಹಾಗೆ, ಹೊಳೆಯುತ್ತಲೇ.

ಯುದ್ಧದ ಎರಡನೆಯ ವರ್ಷ, ಆಕಾಶದಲ್ಲಿ ಶತ್ರು ವಿಮಾನಗಳಿಗೆ ಬೆಳಕು ಕಾಣಬಾರದೆಂದು ಸ್ಟುಡಿಯೋದ ಗಾಜಿನ ಛಾವಣಿಗೆ ಕಪ್ಪು ಬಣ್ಣ ಬಳಿದರು. ಹಗಲೂ ಮುಸ್ಸಂಜೆಯಾಯಿತು. ಒಂದು ಮೂಲೆಯಲ್ಲಿ ಅಂಗೈಯಗಲದ ಗಾಜನ್ನು ಬಳಿಯದೆ ಬಿಟ್ಟಿದ್ದರು; ಅದಕ್ಕೆ ರಟ್ಟಿನ ಮುಚ್ಚಳ. ಅದನ್ನು ಸರಿಸಿದರೆ ಒಂದು ಬೆಳಕಿನ ಕೋಲು ನೇರವಾಗಿ ಅತ್ತೆಯ ಮೇಜಿನ ಮೇಲೆ ಇಳಿಯುತ್ತಿತ್ತು, ಅದರೊಳಗೆ ಧೂಳು ಏರುತ್ತ ಇಳಿಯುತ್ತ ಇತ್ತು. ಪರದೆಯ ಕೆರೆಗೆ ಕತ್ತಲು ಕವಿದು ಮೆಟ್ಟಿಲು ಮಾತ್ರ ಬೂದಿ ಬಣ್ಣಕ್ಕೆ ಕಾಣುತ್ತಿತ್ತು. ಕಾಗದದ ಅಭಾವ ಬಂತು. ಚಿತ್ರಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾದವು, ಒಳಗಿನ ಮಗ ಮಾತ್ರ ದೊಡ್ಡವನಾಗುತ್ತ ಹೋದ. ಕೆಂಪು ಬಣ್ಣ ಸಿಗುವುದು ನಿಂತಾಗ ಅತ್ತೆ ಹಳೆಯ ಡಬ್ಬಿಯ ಅಂಚನ್ನು ಕೆರೆದು, ಬೇರೆ ಗಿರಾಕಿಗಳ ತುಟಿಗಳನ್ನು ತೆಳುವಾಗಿಸಿ, ಅವನ ತುಟಿಗೆ ಬೇಕಾದಷ್ಟನ್ನು ಉಳಿಸಿದರು.

ಇಲ್ಲಿಂದ ಮುಂದಿನ ಒಂದು ಸಂಗತಿಗೆ ಅತ್ತೆಯ ಮಾತೊಂದೇ ಆಧಾರ. ಆ ವರ್ಷಗಳಲ್ಲಿ ಅವರಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತಂತೆ. ಪರದೆಯ ಮೆಟ್ಟಿಲ ಮೇಲೆ ಮೂರು ಗುಂಡಿಯ ಕೋಟು ತೊಟ್ಟ ಮಗ ನಿಂತಿದ್ದಾನೆ. ನೀರು ಅಲುಗುವುದಿಲ್ಲ, ಅವನ ನೆರಳು ಅದರಲ್ಲಿ ಬೀಳುವುದಿಲ್ಲ. “ಚಿಕ್ಕಮ್ಮಾ, ಕಾಲರ್ ಬಿಗಿ ಆಗ್ತಿದೆ,” ಎನ್ನುತ್ತಾನೆ. ಬೆಳಗ್ಗೆ ಎದ್ದು ಅತ್ತೆ ಕಾಲರನ್ನು ಒಂದು ಎಳೆ ಸಡಿಲ ಮಾಡುವರು. ಮದುವೆಯಾಗದ, ಮಕ್ಕಳಿಲ್ಲದ ಅವರಿಗೆ, ತಾವು ಬಣ್ಣ ಹಚ್ಚಿದಂತೆಯೇ ಒಬ್ಬ ಮನುಷ್ಯ ಎಲ್ಲೋ ಒಂದು ಕಡೆ ನಿಜವಾಗಿ ತಿಂದುಂಡು ಬೆಳೆಯುತ್ತಿದ್ದಾನೆ ಎನಿಸಲು ಶುರುವಾಯಿತು.

ತಿಂದುಂಡು ಎಂದೆ, ತಪ್ಪಾದದ್ದು ಅಲ್ಲಿಯೇ. ಗೆರೆ ಅಳಿಸುವುದೇ ಅವರ ಜೀವಮಾನದ ಕೆಲಸ. ಇದ್ದ ಸುಕ್ಕನ್ನು ತೆಗೆದು ಬದುಕಿದ ಕೈ ಇಲ್ಲದ ಸುಕ್ಕನ್ನು ಎಲ್ಲಿಂದ ತಂದೀತು? ವಯಸ್ಸು ತೋರಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಮೈ ತುಂಬಿಸುವುದು. ಊರಿನಲ್ಲಿ ಎಲ್ಲರ ಬಟ್ಟೆಯೂ ಸಡಿಲವಾಗುತ್ತಿದ್ದ ಕಾಲದಲ್ಲಿ ಗೋಡೆಯ ಮೇಲಿನ ಮಗ ನುಣ್ಣನೆಯ ಕೆನ್ನೆ, ದುಂಡು ಗದ್ದದಿಂದ ಬ್ಯಾಂಕಿನ ಮ್ಯಾನೇಜರನಂತೆ ಆಗುತ್ತ ಬಂದ. ಬೀದಿಯ ಬೇಕರಿಯವನು ಒಂದು ದಿನ ಗುಂಡಿಯಮ್ಮನ ಬಾಗಿಲಲ್ಲಿ ನಿಂತು ಇಣುಕಿದ.

“ಏನಮ್ಮಾ, ಊರಿಗೆಲ್ಲ ಪಕ್ಕೆಲುಬು ಎದ್ದಿದೆ, ಯುದ್ಧಕ್ಕೆ ಹೋದವನಿಗೆ ಮೈ ಬಂದಿದೆಯಲ್ಲ! ನನ್ನನ್ನೂ ಅಲ್ಲಿಗೇ ಕಳಿಸಿ.”

“ನಿನ್ನ ಬ್ರೆಡ್ಡು ತಿನ್ನೋದು ಬಿಟ್ಟಿದ್ದಕ್ಕೇ ಮೈ ಬಂದಿರೋದು ಕಣಯ್ಯ,” ಎಂದರು ಗುಂಡಿಯಮ್ಮ.

ಯುದ್ಧ ಮುಗಿಯಿತು. ಕೆಲವು ತಿಂಗಳ ಮೇಲೆ, ಹುಟ್ಟಿದ ದಿನಕ್ಕೆ ಇನ್ನೂ ಸಾಕಷ್ಟು ಸಮಯವಿರುವಾಗ, ಮಗ ಮನೆಗೆ ಬಂದ. ಮುಂದಲೆಯ ಕೂದಲು ಉದುರಿತ್ತು. ಮೂಗಿನ ಎರಡೂ ಬದಿಯಿಂದ ಬಾಯಿಯ ಕೊನೆಯ ತನಕ ಆಳವಾದ ಗೆರೆಗಳಿದ್ದವು. ಎಡಗಣ್ಣಿನ ಕೆಳಗೆ ಇನ್ನೊಂದು ಗೆರೆ, ಗಾಯದ್ದೋ ದಣಿವಿನದೋ ಹೇಳುವುದು ಕಷ್ಟ. ಸಾಯುವಾಗ ಅವನ ತಂದೆಗಿದ್ದ ವಯಸ್ಸಿಗಿಂತ ಹೆಚ್ಚಿನ ವಯಸ್ಸು ಆ ಮುಖಕ್ಕೆ ಬಂದಿತ್ತು.

ತಾಯಿಗೆ ಗುರುತು ಸಿಗಲಿಲ್ಲ ಎಂದು ಬೀದಿಯಲ್ಲಿ ಕೆಲವರು ಆಡಿಕೊಂಡರು. ಅದು ನಿಜವಲ್ಲ. ಬಾಗಿಲು ತೆರೆದ ಕೂಡಲೇ ಗುರುತಿಸಿದರು, ಕೈ ಹಿಡಿದು ಒಳಗೆ ಕರೆದುಕೊಂಡರು, ಅತ್ತರು. ಕಷ್ಟ ಶುರುವಾದದ್ದು ಮಾರನೆಯ ದಿನದಿಂದ. ನೆಂಟರಿಗೆ ತೆಗೆದಿಟ್ಟಿದ್ದ ಲೋಟದಲ್ಲಿ ಅವನಿಗೆ ನೀರು ಬಂತು. ಹಾಸಿಗೆಗೆ ಒಗೆದ ಹೊಸ ಹೊದಿಕೆ ಬಂತು. ಒದ್ದೆ ಕಾಲಿನಲ್ಲಿ ಒಳಗೆ ನಡೆದರೂ ಬೈಗುಳ ಬೀಳಲಿಲ್ಲ. ಗುಂಡಿಯಮ್ಮ ಸುಮ್ಮನೆ ಹಿಂದಿನಿಂದ ಬಂದು ಒರೆಸಿದರು. ಅವನು ಅಡುಗೆಮನೆಗೆ ಬಂದರೆ ಎದ್ದು ನಿಲ್ಲುವರು. ಅವನು ಆಚೆ ಹೋದ ಮೇಲೆ ಗೋಡೆಯ ಕೊನೆಯ ಚಿತ್ರದ ಧೂಳನ್ನು ಸೆರಗಿನಿಂದ ಒರೆಸುತ್ತ ಅದರೊಡನೆ ಮಾತನಾಡುವರು. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಆ ಮಾತು ಕಿವಿಗೆ ಬಿತ್ತು.

“ಪಾಪ, ತುಂಬ ಸುಸ್ತಾಗಿದ್ದಾರಪ್ಪ. ಎಷ್ಟು ಹಾಕಿದರೂ ಸೇರಲ್ಲ ಅವರಿಗೆ.”

ಮರುದಿನ ಮಗ ಮಹಡಿ ಹತ್ತಿದ. ಛಾವಣಿಯ ಕಪ್ಪನ್ನು ಕೆರೆಯುವ ಕೆಲಸ ಆಗ ಅರ್ಧ ಆಗಿತ್ತು. ಕೋಣೆಯ ತುಂಬ ಬೆಳಕಿನ ತೇಪೆಗಳು ಬಿದ್ದಿದ್ದವು. ಅತ್ತೆ ತಲೆ ಎತ್ತಿ ನೋಡಿದರು. ತಮ್ಮ ಕುಂಚದ ತುದಿಯಿಂದ ಬೆಳೆಸಿದವನು ಎದುರಿಗೆ ಇದ್ದ, ಆದರೆ ಅವರು ಹಚ್ಚಿದ್ದರಲ್ಲಿ ಒಂದೂ ಅವನ ಮುಖದಲ್ಲಿ ಇರಲಿಲ್ಲ.

“ಚಿಕ್ಕಮ್ಮಾ, ನನ್ನನ್ನ ಗೋಡೆಯಿಂದ ಇಳಿಸಿ,” ಎಂದ.

“ನಾನು ಹೇಗೆ ಇಳಿಸಲಿ? ಅವಳ ಗೋಡೆ.”

“ಹತ್ತಿಸಿದವರು ನೀವೇ ತಾನೇ? ಆ ಮನೇಲಿ ಒಬ್ಬ ದಪ್ಪ ಮಗ ಇದ್ದಾನೆ, ನಾನು ಅವನ ನೆಂಟ. ಊಟ ಹಾಕ್ತಾರೆ, ಹಾಸಿಗೆ ಹಾಸ್ತಾರೆ. ಯಾವಾಗ ಹೊರಡ್ತೀರಿ ಅಂತ ಕೇಳಿಲ್ಲ, ಅಷ್ಟೇ. ಒಂದು ಸಲ ಬೈದರೂ ಸಾಕು, ನಾನು ಊರಿಗೆ ಬಂದೆ ಅಂದುಕೊಳ್ತೀನಿ.”

ಅತ್ತೆ ಕುಂಚ ತೊಳೆದಿಟ್ಟರು. “ಈಗ ಇಳಿಸಿದರೆ ಅವಳು ಖಾಲಿ ಜಾಗ ನೋಡ್ತಾ ಕೂರ್ತಾಳೆ, ನಿನ್ನನ್ನ ನೋಡಲ್ಲ,” ಎಂದರು. “ದಿನ ಹತ್ತಿರ ಬಂತಲ್ಲ. ಚಿತ್ರ ಕೇಳಿಕೊಂಡು ಬಂದೇ ಬರ್ತಾಳೆ. ಆ ಗೋಡೆಯವನನ್ನ ನಾನೇ ಅಷ್ಟು ದೂರ ಕರಕೊಂಡು ಹೋಗಿದ್ದು. ನಾನೇ ವಾಪಸ್ ನಿನ್ನ ಮುಖಕ್ಕೆ ಕರಕೊಂಡು ಬರ್ತೀನಿ. ಆದರೆ ಮೆಲ್ಲಗೆ.”

“ಎಷ್ಟು ವರ್ಷ ಆಗುತ್ತೆ?”

“ನೀನು ಹೋಗಿದ್ದಷ್ಟು ಬೇಡ. ಆ ಬೆಳಕಲ್ಲಿ ಕೂತ್ಕೋ.”

ಅವನು ಕೂತ. ಅತ್ತೆ ಅವನ ಮುಖ ನೋಡಿ ನೋಡಿ ಒಂದು ಹಳೆಯ ಅಚ್ಚಿನ ಮೇಲೆ ಗೆರೆ ಎಳೆಯಲು ಕುಂಚ ಇಟ್ಟರು. ಕೈ ಮುಂದಕ್ಕೆ ಹೋಗಲಿಲ್ಲ. ಒಂದು ಮುಖವನ್ನು ಹಾಳು ಮಾಡಲು ಆ ಕೈಗೆ ಬರುತ್ತಿರಲಿಲ್ಲ. ಎಳೆದ ಗೆರೆಯನ್ನು ತಮಗೆ ತಿಳಿಯದಂತೆ ತಾವೇ ಒರೆಸಿಬಿಡುತ್ತಿದ್ದರು.

“ಹೆದರಬೇಡಿ ಚಿಕ್ಕಮ್ಮಾ, ಗಟ್ಟಿಯಾಗೇ ಎಳೀರಿ. ನನಗೆ ನೋವಾಗಲ್ಲ,” ಎಂದ ಮಗ.

ಮೊದಲ ವರ್ಷದ ಚಿತ್ರದಲ್ಲಿ ಕೆನ್ನೆಯ ತುಂಬು ಮಾತ್ರ ಇಳಿಯಿತು. ಗುಂಡಿಯಮ್ಮ ಅದನ್ನು ಹಿಡಿದು, “ಸ್ವಲ್ಪ ಇಳಿದಿದ್ದಾನಲ್ಲ,” ಎಂದು ಚಿಂತೆಯಿಂದ ಮನೆಗೆ ಹೋದರು. ಆ ಸಂಜೆ ಎದುರಿಗೆ ಕುಳಿತವನ ತಟ್ಟೆಗೆ, ಅವನು ಬೇಡವೆಂದರೂ ಕೇಳದೆ, ಇನ್ನೊಂದು ಸಲ ಬಡಿಸಿದರು. ಮಗ ಅದನ್ನು ಎಷ್ಟು ಕಷ್ಟಪಟ್ಟು ಮುಗಿಸಿದನೆಂದು ನನಗೆ ಹೇಳುವಾಗ ಅಷ್ಟು ವರ್ಷಗಳ ಮೇಲೂ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. ಎರಡನೆಯ ವರ್ಷ ಮುಂದಲೆಯ ಕೂದಲು ಹಿಂದೆ ಸರಿಯಿತು, ಬಾಯಿಯ ಬದಿಯ ಗೆರೆಗಳು ಬಂದವು. ಆ ಚಿತ್ರ ಅವರಿಗೆ ಹಿಡಿಸಲಿಲ್ಲ. ಕೆಲವು ದಿನ ಗೋಡೆಗೆ ಹಾಕದೆ ದರ್ಜಿ ಅಂಗಡಿಯಲ್ಲಿ ತಮ್ಮ ಹೊಲಿಗೆ ಪೆಟ್ಟಿಗೆಯ ಮೇಲೆ ಒರಗಿಸಿ ಇಟ್ಟಿದ್ದರು. ಗುಂಡಿ ಹೊಲಿಯುತ್ತ ಅದರತ್ತ ನೋಡುವರು. ಸೈಕಲ್ ಅಂಗಡಿಗೆ ಮತ್ತೆ ಸೇರಿದ್ದ ಮಗ ಪಕ್ಕದಲ್ಲೇ ಬಗ್ಗಿ ಕೆಲಸ ಮಾಡುವುದನ್ನು ನೋಡುವರು. ಮತ್ತೆ ಚಿತ್ರವನ್ನು ನೋಡುವರು. ಸೂಜಿ ಕೈಯಲ್ಲಿ ಹಾಗೆಯೇ ನಿಂತಿರುತ್ತಿತ್ತು. ಕೊನೆಗೆ ಒಂದು ದಿನ ಮೊಳೆ ಹೊಡೆದು ತೂಗುಹಾಕಿದರು.

ಮೂರನೆಯ ವರ್ಷ ಅತ್ತೆ ಎಡಗಣ್ಣಿನ ಕೆಳಗಿನ ಗೆರೆಯನ್ನು ಹಾಕಿದರು. ಛಾವಣಿ ಆ ಹೊತ್ತಿಗೆ ಪೂರ್ತಿ ತಿಳಿಯಾಗಿತ್ತು, ಹಾಲಿನಂಥ ಹಳೆಯ ಬೆಳಕು ಮರಳಿತ್ತು. ಗುಂಡಿಯಮ್ಮ ಚಿತ್ರವನ್ನು ಕಿಟಕಿಗೆ ಒಯ್ದು, ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದರು. ಮುಖ ಗಂಟಿಕ್ಕಿತು.

“ಏನೇ ಇದು, ಇಷ್ಟು ವರ್ಷ ಹಾಕಿ ಹಾಕಿ ಕೈ ಕೆಟ್ಟುಹೋಯ್ತಾ ನಿಂಗೆ?”

“ಏನಾಯ್ತಕ್ಕಾ?”

“ಈ ಗೆರೆ ಇಲ್ಲಿ ಬರಲ್ಲ. ಇನ್ನೂ ಕೆಳಗೆ, ಇಲ್ಲಿ, ಮೂಳೆ ಮೇಲೆ. ನೆಟ್ಟಗೆ ಬೇರೆ ಎಳೆದುಬಿಟ್ಟಿದೀಯ. ಕೊನೇಲಿ ಹೀಗೆ ಕೊಂಕಬೇಕು. ಬೆಳಗ್ಗೆ ಎದ್ದಾಗ ಜಾಸ್ತಿ ಕಾಣುತ್ತೆ, ನಕ್ಕರೆ ಒಳಗೆ ಹೋಗಿಬಿಡುತ್ತೆ. ದಿನಾ ನೋಡೋಳು ನಾನು, ನನಗೆ ಗೊತ್ತಿಲ್ವಾ?”

ಅತ್ತೆ ಬೇಕೆಂದೇ ತಪ್ಪು ಎಳೆದರೆಂದು ಈ ಕಥೆಯನ್ನು ಚೆಂದ ಮಾಡಿ ಹೇಳುವವರಿದ್ದಾರೆ. ಅದೂ ಸುಳ್ಳು. ಅವರು ನಿಜವಾಗಿಯೇ ತಪ್ಪಿದ್ದರು. ನಾನು ನೇರವಾಗಿ ಕೇಳಿದ್ದೆ, ಸ್ವಲ್ಪ ಸಿಟ್ಟಿನಿಂದಲೇ ಒಪ್ಪಿಕೊಂಡಿದ್ದರು.

ಹೇಳಿ ಮುಗಿಸಿದ ಮೇಲೆ ಗುಂಡಿಯಮ್ಮ ಅಲುಗದೆ ನಿಂತರು. ತಾವು ಈಗ ಆಡಿದ ಮಾತು ಕೋಣೆಯ ಬೆಳಕಿನಲ್ಲಿ ಇನ್ನೂ ತೇಲುತ್ತಿದ್ದಂತೆ ಅದನ್ನೇ ನೋಡುತ್ತಿದ್ದರು. ಆಮೇಲೆ ಗುಂಡಿಯಮ್ಮ ಚಿತ್ರವನ್ನು ಮೇಜಿನ ಮೇಲಿಟ್ಟು, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದರು.

“ಲೋ! ಬಾರೋ ಇಲ್ಲಿ!”

ಬೀದಿಯಾಚೆ ಮಗ ತಲೆ ಎತ್ತಿದ. “ಬರ್ತೀನಮ್ಮ, ಚಕ್ರ ಕೈಲಿದೆ.”

“ಚಕ್ರ ಎಲ್ಲಿಗೂ ಓಡಿಹೋಗಲ್ಲ, ಬಾ ಅಂದ್ರೆ ಬಾ! ಆ ಎಣ್ಣೆ ಕೈ ತೊಳ್ಕೊಂಡು ಬಾ. ಅಂಗಿಗೆ ಒರೆಸಿದೆಯೋ ನೋಡು, ಒಗೆಯೋಳು ನಾನೇ!”

ಬೀದಿಯವರೆಲ್ಲ ಮೇಲಕ್ಕೆ ನೋಡಿದರು. ಮಗ ಚಕ್ರವನ್ನು ಅಲ್ಲಿಯೇ ಬಿಟ್ಟ. ಅದು ತನ್ನಷ್ಟಕ್ಕೆ ಉರುಳಿ ಬೇಕರಿಯ ಮೆಟ್ಟಿಲಿಗೆ ತಾಗಿ ಮಲಗಿತು. ಕೈ ತೊಳೆಯದೆ ಓಡಿ ಬಂದ.

ಕೆರೆಯ ಮುಂದೆ ಅವನನ್ನು ಕೂರಿಸಿದರು. ಯಜಮಾನರು ಕಪ್ಪು ಬಟ್ಟೆಯೊಳಗೆ ಹೊಕ್ಕು, ಅಲುಗಬೇಡಿ ಎಂದರು. ಗುಂಡಿಯಮ್ಮ ಕ್ಯಾಮೆರಾದ ಪಕ್ಕದಲ್ಲೇ ನಿಂತು ನಿಲ್ಲಿಸದೆ ಬೈಯುತ್ತಿದ್ದರು. ಗಡ್ಡ ನೆಟ್ಟಗೆ ತೆಗೆದಿಲ್ಲ, ಬೆನ್ನು ಗೂನು ಮಾಡಿಕೊಂಡಿದ್ದಾನೆ, ಇದೇನು ಕೂರುವ ಚೆಂದ, ಇಷ್ಟು ವರ್ಷ ಅಲ್ಲಿ ಇದನ್ನೇ ಕಲಿಸಿದ್ದಾ. ಮಗ ತಡೆದ, ತಡೆದ, ಆಮೇಲೆ ಅವನ ಭುಜಗಳು ಅಲುಗಲು ತೊಡಗಿದವು. ನಗುವೋ ಅಳುವೋ ಎಂಬುದರಲ್ಲಿ ಅತ್ತೆಯ ಮಾತಿಗೂ ಅವನ ಮಾತಿಗೂ ತಾಳೆಯಾಗುವುದಿಲ್ಲ. ಅವನು ಅಲುಗಿ ನೆಗೆಟಿವಿನ ಗಾಜಿನ ಪ್ಲೇಟು ಹಾಳಾಯಿತು. ಪ್ಲೇಟುಗಳು ಇನ್ನೂ ಸುಲಭವಾಗಿ ಸಿಗದ ಕಾಲ. ಯಜಮಾನರು ರೇಗಿದರು, ಹೊಸದನ್ನು ಹಾಕಿ ಇನ್ನೊಮ್ಮೆ ತೆಗೆದರು.

ಎರಡನೆಯದು ಸ್ಪಷ್ಟವಾಗಿ ಬಂತು. ಮೊದಲನೆಯದರಲ್ಲಿ ಮುಖ ಕದಡಿ, ಒಂದರ ಮೇಲೊಂದು ಬಿದ್ದ ಹಲವು ಮುಖಗಳಂತಾಗಿ, ಗೆರೆ ಯಾವುದು ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ. ಗುಂಡಿಯಮ್ಮ ಎರಡನ್ನೂ ಮನೆಗೆ ಒಯ್ದರು. ಆ ವರ್ಷದ ಮೊಳೆಗೆ ತೂಗುಹಾಕಿದ್ದು ಮೊದಲನೆಯದನ್ನು, ತಮ್ಮ ಬೈಗುಳಕ್ಕೆ ಮಗ ಅಲುಗಿದ್ದನ್ನು.